ಗಂಟು ಬಿಡಿಸುವ ಆಪ್ಟ್

ಡೆಬಿಯನ್ ಲಿನಕ್ಸ್‌ಗೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಲು ಒಂದು ಸಾಲಿನ ಆದೇಶ ಸಾಕು. ಪ್ಯಾನೆಲ್, ಜಿಟಿಕೆ ಲೈಬ್ರರಿ, ಅವುಗಳಿಗೆ ಬೇಕಾದ ಇನ್ನಷ್ಟು ಲೈಬ್ರರಿಗಳು, ಹೀಗೆ ಮದುವೆ ದಿಬ್ಬಣವೇ ಹೊರಡುತ್ತದೆ. ಪ್ಯಾಕೇಜು ಹಾಕುವ ಬರೀ ಡಿಪಿಕೆಜಿಯಾದರೆ ‘ಇಂಥದ್ದು ಇಲ್ಲ’ ಎಂದು ನಿಂತುಬಿಡುತ್ತದೆ. 1999ರ ಡೆಬಿಯನ್ 2.1ರೊಡನೆ ಬಂದ ಆಪ್ಟ್ ಎಂಬ ಸಾಧನವಾದರೋ ಬೇಕಾದ್ದನ್ನು ತಾನೇ ಹುಡುಕಿ ತರುತ್ತದೆ.

ನನಗೆ ತುಂಬ ಹಿಡಿಸುವುದು ಅದರ ಸಂಯಮ. ಒಮ್ಮೆ ಹೊರಗಿನ ಪ್ಯಾಕೇಜು ಭಂಡಾರದ ಹೊಸ ಲೈಬ್ರರಿಯೊಂದು ಬೆರೆತು ಗಂಟು ಬಿದ್ದಾಗ ಅದು ಬಲವಂತ ಮಾಡಲಿಲ್ಲ. ಯಾವ ಪ್ಯಾಕೇಜಿಗೆ ಯಾವ ಆವೃತ್ತಿ ಬೇಕಿತ್ತು, ಯಾವುದು ಸಿಕ್ಕಿತು ಎಂದು ಬರೆದು ತೋರಿಸಿತು. ಆ ಸಾಲುಗಳನ್ನು ನಿಧಾನವಾಗಿ ಓದಿದೆ. ಹೊರಗಿನ ಭಂಡಾರ ತೆಗೆದು, ಲೈಬ್ರರಿಯನ್ನು ಡೆಬಿಯನ್‌ನದೇ ಆವೃತ್ತಿಗೆ ಇಳಿಸಿದೆ. ಮತ್ತೆ ಆದೇಶ ಕೊಟ್ಟಾಗ ಪ್ಯಾಕೇಜುಗಳು ಸಾಲಾಗಿ ಇಳಿದವು. ಪರದೆಯ ಮೇಲೆ ಎಕ್ಸ್‌ಎಫ್‌ಸಿಇಯ ಪುಟ್ಟ ಇಲಿ ಮೂಡಿತು.