ಗೆರೆಯಂಚಿನವನು: ಮಾರ್ಕ್ ಕ್ವೇಟೋನ ಆಟವನ್ನು ಓದುವ ಬಗೆ

ಕ್ರೀಡಾಬರಹದ ಹತ್ತಿರ ಯಾವಾಗಲೂ ಎರಡು ಸಿದ್ಧ ಕಥೆಗಳಿರುತ್ತವೆ. ಒಂದು, ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದವನ ದುರಂತ. ಇನ್ನೊಂದು, ಒಂದೇ ಕ್ಲಬ್ಬಿಗಾಗಿ ಆಯಸ್ಸು ಸವೆಸಿದವನ ನಿಷ್ಠೆ. ಇಂಗ್ಲೆಂಡಿನ ರಗ್ಬಿ ಆಟಗಾರ ಮಾರ್ಕ್ ಕ್ವೇಟೋ ಎರಡಕ್ಕೂ ಸರಿಹೊಂದುತ್ತಾನೆ. ಎರಡೂ ಕಥೆಗಳು ಆತನ ಆಟವನ್ನೇ ಮರೆಮಾಡುತ್ತವೆ ಎಂಬುದು ನನ್ನ ತಕರಾರು.

ಮೊದಲು ದುರಂತದ ಕಥೆ. 2007ರ ಅಕ್ಟೋಬರ್ 20, ಪ್ಯಾರಿಸ್ ಬಳಿಯ ಸ್ಟಾಡ್ ದ ಫ್ರಾನ್ಸ್, ವಿಶ್ವಕಪ್ ಫೈನಲ್. ಎದುರಾಳಿ ದಕ್ಷಿಣ ಆಫ್ರಿಕಾ. ಗಾಯಗೊಂಡ ಜಾಶ್ ಲ್ಯೂಸಿಯ ಜಾಗದಲ್ಲಿ ಕ್ವೇಟೋ ಎಡಬದಿಯ ವಿಂಗರ್. ವಿಂಗರ್ ಎಂದರೆ ಸಾಲಿನ ಕಟ್ಟಕಡೆಯವನು. ಚೆಂಡು ಕೈಯಿಂದ ಕೈಗೆ ದಾಟಿ ಕೊನೆಗೆ ಅವನಿಗೆ ಬರಬೇಕು, ಬಾರದೆಯೂ ಹೋಗಬಹುದು. ಅವನ ಒಂದು ಮಗ್ಗುಲಿಗೆ ಎದುರಾಳಿಗಳು, ಇನ್ನೊಂದು ಮಗ್ಗುಲಿಗೆ ಬಿಳಿ ಗೆರೆ. ದ್ವಿತೀಯಾರ್ಧ ಶುರುವಾದ ಕೆಲವೇ ನಿಮಿಷಗಳಲ್ಲಿ ಮ್ಯಾಥ್ಯೂ ಟೇಟ್ ರಕ್ಷಣೆಯನ್ನು ಸೀಳಿಕೊಂಡು ಓಡಿದ. ಅಲ್ಲಿಂದ ಚೆಂಡು ಎಡಕ್ಕೆ ಬಂತು, ಕ್ವೇಟೋ ಮೂಲೆಗೆ ಹಾರಿದ, ಡೇನಿ ರೊಸ್ಸೋ ಅವನ ಮೇಲೆ ಬಿದ್ದ. ಚೆಂಡು ನೆಲ ಮುಟ್ಟಿತು. ಆದರೆ ಅದಕ್ಕೂ ಮೊದಲೇ ಎಡಗಾಲು ಗೆರೆಗೆ ತಾಗಿತ್ತು ಎಂದು ದೃಶ್ಯಗಳನ್ನು ಮತ್ತೆ ಮತ್ತೆ ನೋಡಿದ ಟಿವಿ ಅಂಪೈರ್ ಸ್ಟುವರ್ಟ್ ಡಿಕಿನ್ಸನ್ ತೀರ್ಪು ಕೊಟ್ಟ. ಇಂಗ್ಲೆಂಡ್ 15-6ರಿಂದ ಸೋತಿತು.

ಈ ಕಾಲಿನ ಬಗ್ಗೆ ಇಂದಿಗೂ ವಾದ ನಿಂತಿಲ್ಲ. ವಾದ ಮಾಡುವವರು ಲೆಕ್ಕ ಮಾತ್ರ ಹಾಕುವುದಿಲ್ಲ. ಆಗಿನ ಅಂಕ 9-3. ಟ್ರೈಗೆ ಐದು ಅಂಕ, ಅಂದರೆ 9-8. ಗೆರೆಯ ಪಕ್ಕದಿಂದಲೇ ಒದೆಯಬೇಕಿದ್ದ ಕನ್ವರ್ಷನ್ ಗುರಿ ತಲುಪಿದ್ದರಷ್ಟೇ ಇಂಗ್ಲೆಂಡಿಗೆ ಒಂದಂಕದ ಮುನ್ನಡೆ. ಟ್ರೈ ಸಿಗದಿದ್ದರೂ ಮೊದಲಿನ ತಪ್ಪೊಂದಕ್ಕೆ ಸಿಕ್ಕ ಪೆನಾಲ್ಟಿಯನ್ನು ವಿಲ್ಕಿನ್ಸನ್ ಒದ್ದು ಮೂರು ಅಂಕ ತಂದ. ಕಪ್ಪು ಕಿತ್ತುಕೊಂಡರು ಎಂಬ ಗೋಳಾಟವನ್ನು ಈ ಅಂಕಿಗಳು ಪೂರ್ತಿಯಾಗಿ ಒಪ್ಪುವುದಿಲ್ಲ.

ಪದದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ರಗ್ಬಿಯ ಶುರುವಿನಲ್ಲಿ ಗೆರೆಯಾಚೆ ಚೆಂಡು ಮುಟ್ಟಿಸಿದರೆ ಅಂಕವೇ ಇರಲಿಲ್ಲ. ಗೋಲಿಗೆ ಒದೆಯುವ ಒಂದು ಅವಕಾಶವಷ್ಟೇ ಸಿಗುತ್ತಿತ್ತು. ಅದಕ್ಕೇ ಅದು ‘ಟ್ರೈ’, ಪ್ರಯತ್ನ. ‘ಟ್ರೈ ಮಾಡ್ತೀನಿ’ ಎಂದು ನಾವು ಅರೆಮನಸ್ಸಿನಲ್ಲಿ ಹೇಳುವ ಅದೇ ಪದ.

ಇನ್ನು ನಿಷ್ಠೆ. ಕ್ವೇಟೋ 2001ರಿಂದ 2015ರವರೆಗೆ ಮ್ಯಾಂಚೆಸ್ಟರ್ ಸೀಮೆಯ ಸೇಲ್ ಶಾರ್ಕ್ಸ್ ಬಿಟ್ಟು ಬೇರೆಲ್ಲೂ ಲೀಗ್ ಆಡಲಿಲ್ಲ. ಆದರೆ ಕ್ಲಬ್ಬು ನಿಂತಲ್ಲಿ ನಿಲ್ಲಲಿಲ್ಲ. ಆತ ಸೇರಿದಾಗ ಮನೆ ಸೇಲ್ ಊರಿನ ಹೇವುಡ್ ರೋಡ್. 2003ರಲ್ಲಿ ಸ್ಟಾಕ್‌ಪೋರ್ಟಿನ ಫುಟ್‌ಬಾಲ್ ಮೈದಾನಕ್ಕೆ ಗುಳೆ ಹೊರಟಿತು, 2012ರಲ್ಲಿ ಸಾಲ್ಫೋರ್ಡಿಗೆ. ಹೆಸರಲ್ಲಷ್ಟೇ ಸೇಲ್ ಉಳಿಯಿತು. ಜೊತೆಗಾರರೂ ಉಳಿಯಲಿಲ್ಲ. ಲೀಗಿನಲ್ಲಿ ಅಗ್ರಸ್ಥಾನ ಪಡೆದು, 2006ರ ಫೈನಲ್‌ನಲ್ಲಿ ಲೆಸ್ಟರ್ ತಂಡವನ್ನು 45-20ರಿಂದ ಬಡಿದ ಆ ದಿಟ್ಟ ತಂಡ ಕೆಲವೇ ವರ್ಷಗಳಲ್ಲಿ ಚದುರಿತು. ಜೇಸನ್ ರಾಬಿನ್‌ಸನ್, ಶಬಾಲ್, ಫರ್ನಾಂಡೆಸ್ ಲೋಬ್ಬೆ, ಕೊನೆಗೆ 2011ರಲ್ಲಿ ಚಾರ್ಲಿ ಹಾಡ್ಜ್‌ಸನ್ ಕೂಡ ಹೋದ. 1995ರಿಂದ ರಗ್ಬಿ ವೃತ್ತಿಪರ ಆಟ, ಒಪ್ಪಂದ ಮುಗಿದ ಮೇಲೆ ಹೊರಡುವುದರಲ್ಲಿ ದ್ರೋಹವಿಲ್ಲ. ಹಾಗೆಯೇ ಉಳಿಯುವುದರಲ್ಲಿ ತ್ಯಾಗವೂ ಇರಲೇಬೇಕೆಂದಿಲ್ಲ, ಒಗ್ಗಿದ ಜಾಗದ ಸುಖವೂ ಇರಬಹುದು. ಹಾಗಾಗಿ ನಿಷ್ಠೆ ಎಂಬ ಮಾತು ನನಗೆ ಹೆಚ್ಚೇನೂ ಹೇಳುವುದಿಲ್ಲ.

ಹೇಳುವುದು ಆತನ ಟ್ರೈಗಳು. ಪ್ರೀಮಿಯರ್‌ಷಿಪ್‌ನಲ್ಲಿ 90, ಆಗಿನ ದಾಖಲೆ. ವಿಂಗರ್ ತಾನಾಗಿ ಅವಕಾಶ ಹುಟ್ಟಿಸಿಕೊಳ್ಳುವುದು ಅಪರೂಪ. ಒಳಗಿನವರು ಗಟ್ಟಿಯಾಗಿದ್ದರೆ ಅವನಿಗೆ ಜಾಗ ಸಿಗುತ್ತದೆ. ಹಾಡ್ಜ್‌ಸನ್‌ನಂಥವನು ಪಾಸ್ ಕೊಡುತ್ತಿದ್ದ ಕಾಲದ ಟ್ರೈಯನ್ನೂ, ತಂಡ ಪಟ್ಟಿಯ ಕೆಳಗೆ ಒದ್ದಾಡುತ್ತಿದ್ದ ಕಾಲದ ಟ್ರೈಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಕ್ವೇಟೋ ಲೋಮುವಿನಂತೆ ಎದುರಾಳಿಯನ್ನು ತುಳಿದು ಹೋದವನಲ್ಲ, ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದವನೂ ಅಲ್ಲ. ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿಗೆ ಒಂದು ಕ್ಷಣ ಮುಂಚೆ ಬಂದಿರುತ್ತಿದ್ದ, ಅಷ್ಟೇ. ಇದು ಒಮ್ಮೆ ನೋಡಿದರೆ ಕಾಣುವ ಗುಣವಲ್ಲ, ಹದಿನಾಲ್ಕು ಹಂಗಾಮು ಒಟ್ಟಿಗೆ ನೋಡಿದರೆ ಕಾಣುತ್ತದೆ.

ದೇಶದ ಪರವಾಗಿ ಆಡುವಾಗ ಇದೇ ಗುಣ ಪರೀಕ್ಷೆಗೆ ಬಿತ್ತು. ಒಟ್ಟು 55 ಪಂದ್ಯ, 20 ಟ್ರೈ ಎಂದರೆ ಒಳ್ಳೆಯ ಲೆಕ್ಕವೇ. ಆದರೆ 2009ರ ಮಾರ್ಚ್‌ನಲ್ಲಿ ಫ್ರಾನ್ಸ್ ವಿರುದ್ಧ ಒಂದು ಹೊಡೆದ ಮೇಲೆ ಎರಡು ವರ್ಷದ ಹತ್ತಿರ ಹತ್ತಿರ ಒಂದೂ ಇಲ್ಲ. ಆದರೂ ತಂಡದಲ್ಲಿ ಉಳಿದ. ಚೆಂಡಿಲ್ಲದಾಗ ಅವನು ಮಾಡುವ ಕೆಲಸ ಆಯ್ಕೆ ಮಾಡುವವರಿಗೆ ಕಾಣುತ್ತಿತ್ತೆಂದೇ ನಾನು ಓದಿಕೊಳ್ಳುತ್ತೇನೆ. ಬರ ಮುಗಿದದ್ದು 2011ರ ಫೆಬ್ರವರಿಯಲ್ಲಿ, ಇಟಲಿ ವಿರುದ್ಧ. ಅದೇ ಪಂದ್ಯದಲ್ಲಿ ಇನ್ನೊಂದು ಬದಿಯ ವಿಂಗರ್ ಕ್ರಿಸ್ ಆಶ್ಟನ್ ನಾಲ್ಕು ಟ್ರೈ ಹೊಡೆದ. ಎಲ್ಲರ ಬಾಯಲ್ಲೂ ಅವನದೇ ಮಾತು.

90ರ ದಾಖಲೆಯನ್ನು ಮೊದಲು ಟಾಮ್ ವಾರ್ನ್‌ಡೆಲ್ ದಾಟಿದ, ಅವನನ್ನು ಆಶ್ಟನ್ ದಾಟಿ ನೂರು ಮುಟ್ಟಿದ. ಇಬ್ಬರೂ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದವರು. ನಡುವೆ ಆಶ್ಟನ್ ಒಂದಷ್ಟು ಕಾಲ ಸೇಲ್‌ನಲ್ಲೂ ಆಡಿದ.