ಟೈಮಿಂಗ್ ಬೆಲ್ಟ್: ಕಣ್ಣಂದಾಜು ಸಾಲದು, ಲೆಕ್ಕ ಬೇಕು

ಪಿಸ್ಟನ್‌ಗಳ ಏರಿಳಿತದಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎಂಜಿನ್‌ನ ತಳದಲ್ಲಿರುತ್ತದೆ. ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಮೇಲೆ, ಸಿಲಿಂಡರ್ ಹೆಡ್‌ನಲ್ಲಿರುತ್ತದೆ. ಇವೆರಡನ್ನೂ ತಾಳ ತಪ್ಪದಂತೆ ಜೋಡಿಸಿಡುವ ಹಲ್ಲುಳ್ಳ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ಹಾಕುತ್ತಿದ್ದರೆ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇಷ್ಟು ದುಡಿಯುವ ಬೆಲ್ಟ್ ಕೆಡುವ ಮುನ್ನ ನಂಬಬಹುದಾದ ಸೂಚನೆ ಕೊಡುವುದು ಅಪರೂಪ. ಹಾಗಾಗಿ ಅದನ್ನು ಬದಲಿಸುವ ಹೊತ್ತು ಗೊತ್ತಾಗುವುದು ಓಡಿದ ದೂರ, ಕಳೆದ ವರ್ಷ, ಓಡಿಸಿದ ರೀತಿ ಈ ಮೂರರ ಲೆಕ್ಕದಿಂದ.

ಬಾನೆಟ್ ಎತ್ತಿದ ಕೂಡಲೇ ಕಾಣುವ ಬೆಲ್ಟ್ ಇದಲ್ಲ. ಆಲ್ಟರ್ನೇಟರ್ ಮತ್ತು ಎಸಿ ಕಂಪ್ರೆಸರ್ ತಿರುಗಿಸುವ, ಗ್ಯಾರೇಜಿನವರು ಇಂದಿಗೂ ಫ್ಯಾನ್ ಬೆಲ್ಟ್ ಎಂದೇ ಕರೆಯುವ ಬೆಲ್ಟ್ ಹೊರಗಡೆ ಇರುತ್ತದೆ. ಸಡಿಲವಾದರೆ ಅದು ಕಿರುಚುತ್ತದೆ, ತುಂಡಾದರೆ ಬ್ಯಾಟರಿ ದೀಪ ಹೊತ್ತಿಕೊಳ್ಳುತ್ತದೆ. ಟೈಮಿಂಗ್ ಬೆಲ್ಟ್ ಇರುವುದು ಎಂಜಿನ್‌ನ ಒಂದು ಪಕ್ಕದಲ್ಲಿ, ಪ್ಲಾಸ್ಟಿಕ್ ಕವರ್‌ನ ಹಿಂದೆ. ಹಲ್ಲುಗಳಿರುವುದರಿಂದ ಅದು ಫ್ಯಾನ್ ಬೆಲ್ಟಿನಂತೆ ಜಾರಿ ಸದ್ದು ಮಾಡುವುದಿಲ್ಲ.

ಮೊದಲು ಈ ಕೆಲಸಕ್ಕೆ ಲೋಹದ ಚೈನ್ ಅಥವಾ ಗೇರುಗಳೇ ಇದ್ದವು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಹಳೆಯ ಪೆಟ್ರೋಲ್ ಎಂಜಿನ್‌ಗಳೆರಡೂ ಚೈನ್‌ನವು. ರಬ್ಬರ್ ಬೆಲ್ಟನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಕಾರಿಗೆ ತಂದದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರ ಗ್ಲಾಸ್ 1004 ಮಾದರಿಯಲ್ಲಿ. ಬೆಲ್ಟ್ ಹಗುರ, ಅಗ್ಗ, ಸದ್ದು ಕಡಿಮೆ, ಎಣ್ಣೆ ಬೇಡ. ಹೀಗಾಗಿ ಮುಂದಿನ ದಶಕಗಳಲ್ಲಿ ಅದು ಎಲ್ಲೆಡೆ ಹರಡಿತು. ನಮ್ಮಲ್ಲಿ ಅದನ್ನು ಮನೆಮನೆಗೆ ತಂದದ್ದು ಮಾರುತಿ 800. ಆರಂಭದ ಬೆಲ್ಟ್‌ಗಳ ರಬ್ಬರ್ ನಿಯೋಪ್ರೀನ್ ಆಗಿತ್ತು. ಈಗಿನವುಗಳಲ್ಲಿ ಹೆಚ್ಚು ಬಿಸಿ ತಾಳುವ ಎಚ್‌ಎನ್‌ಬಿಆರ್ ಎಂಬ ಸಂಶ್ಲೇಷಿತ ರಬ್ಬರ್ ಬಳಕೆಯಾಗುತ್ತದೆ. ಎಳೆತವನ್ನು ತಡೆಯುವುದು ಒಳಗೆ ಉದ್ದಕ್ಕೂ ಹಾಸಿರುವ ಗಾಜಿನ ನಾರಿನ ಹುರಿಗಳು. ಹಲ್ಲುಗಳ ಮೇಲೆ ಸವೆತ ತಡೆಯಲು ನೈಲಾನ್ ಬಟ್ಟೆಯ ಹೊದಿಕೆ ಇರುತ್ತದೆ.

ಕಾರಿನಲ್ಲಿ ಬೆಲ್ಟ್ ಇದೆಯೋ ಚೈನ್ ಇದೆಯೋ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ಮಾರುತಿ 800, ಜೆನ್, ಎಸ್ಟೀಮ್, ಹಳೆಯ ಸ್ಯಾಂಟ್ರೊ, ಇಂಡಿಕಾ ಡೀಸೆಲ್, ಮೊದಲ ತಲೆಮಾರಿನ 2.5 ಲೀಟರ್ ಇನ್ನೋವಾ, 1.5 ಲೀಟರ್ ಡಸ್ಟರ್ ಡೀಸೆಲ್, ಪೋಲೊ ಡೀಸೆಲ್, ಹ್ಯಾರಿಯರ್ ಹಾಗೂ ಜೀಪ್ ಕಂಪಾಸ್‌ನ 2 ಲೀಟರ್ ಡೀಸೆಲ್ ಇವೆಲ್ಲ ಬೆಲ್ಟ್‌ನವು. ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್, ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳು ಚೈನ್‌ನವು. ಕಾರಿನ ಹೆಸರೊಂದೇ ಸಾಲದು: ಐ10ರ 1.1 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ಇದ್ದರೆ 1.2 ಲೀಟರ್ ಕಪ್ಪಾ ಎಂಜಿನ್‌ನಲ್ಲಿ ಚೈನ್ ಇದೆ. ಆದ್ದರಿಂದ ಎಂಜಿನ್ ಯಾವುದೆಂದು ನೋಡಿಕೊಂಡು ಕಾರಿನ ಜೊತೆ ಬಂದ ಮ್ಯಾನುವಲ್‌ನಲ್ಲಿ ಸರ್ವಿಸ್ ಪಟ್ಟಿಯನ್ನು ತೆರೆಯಬೇಕು.

ಬೆಲ್ಟ್ ತುಂಡಾದರೆ ಆಗುವ ನಷ್ಟ ಎಂಜಿನ್‌ನ ರಚನೆಯನ್ನು ಅವಲಂಬಿಸಿದೆ. ಕೆಲವು ಎಂಜಿನ್‌ಗಳಲ್ಲಿ ಪೂರ್ತಿ ತೆರೆದ ವಾಲ್ವ್‌ಗೂ ಪೂರ್ತಿ ಮೇಲೆ ಬಂದ ಪಿಸ್ಟನ್‌ಗೂ ನಡುವೆ ಜಾಗವಿರುತ್ತದೆ. ಅಂಥ ಕಾರು ಬೆಲ್ಟ್ ತುಂಡಾದಲ್ಲಿ ನಿಂತುಬಿಡುತ್ತದೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಈಗಿನ ಬಹುಪಾಲು ಎಂಜಿನ್‌ಗಳಲ್ಲಿ ಆ ಜಾಗವಿಲ್ಲ. ಡೀಸೆಲ್‌ಗಳಲ್ಲಂತೂ ಒತ್ತಡದ ಅನುಪಾತ ಹೆಚ್ಚಿರುವುದರಿಂದ ಪಿಸ್ಟನ್ ಹೆಚ್ಚುಕಡಿಮೆ ಹೆಡ್‌ಗೆ ತಾಗುವಷ್ಟು ಮೇಲೆ ಬರುತ್ತದೆ. ಬೆಲ್ಟ್ ತುಂಡಾದ ಕ್ಷಣ ಕ್ಯಾಮ್ ನಿಲ್ಲುತ್ತದೆ, ತೆರೆದಿದ್ದ ವಾಲ್ವ್‌ಗಳು ತೆರೆದೇ ಉಳಿಯುತ್ತವೆ, ಪಿಸ್ಟನ್‌ಗಳು ಬಂದು ಅವಕ್ಕೆ ಬಡಿಯುತ್ತವೆ. ಆಮೇಲೆ ಗ್ಯಾರೇಜಿನಲ್ಲಿ ಕೇಳಿಬರುವ ಮಾತು, ವಾಲ್ವ್ ಬೆಂಡ್ ಆಗಿದೆ, ಹೆಡ್ ಬಿಚ್ಚಬೇಕು. ಬೆಲ್ಟ್ ಪೂರ್ತಿ ತುಂಡಾಗಲೇಬೇಕೆಂದೂ ಇಲ್ಲ. ಕ್ರ್ಯಾಂಕ್‌ನ ಚಕ್ರದಲ್ಲಿ 20 ಹಲ್ಲುಗಳಿದ್ದರೆ, ಬೆಲ್ಟ್ ಒಂದೇ ಹಲ್ಲು ಜಾರಿದರೂ ಟೈಮಿಂಗ್ 18 ಡಿಗ್ರಿ ತಪ್ಪುತ್ತದೆ. ಎಂಜಿನ್ ಎಳೆಯುವ ಶಕ್ತಿ ಕಳೆದುಕೊಳ್ಳಲು ಅಷ್ಟು ಸಾಕು.

ತಯಾರಕರು ಅವಧಿಯನ್ನು ಎರಡು ಅಂಕಿಗಳಲ್ಲಿ ಕೊಡುತ್ತಾರೆ: ಇಷ್ಟು ಕಿಲೋಮೀಟರ್, ಇಷ್ಟು ವರ್ಷ, ಯಾವುದು ಮೊದಲೋ ಅದು. ಹಳೆಯ ಹಲವು ಕಾರುಗಳಿಗೆ 60,000ದಿಂದ 1,00,000 ಕಿ.ಮೀ.ವರೆಗಿನ ಅವಧಿ ಸಾಮಾನ್ಯ. ಹೊಸ ಬೆಲ್ಟ್‌ಗಳಿಗೆ ಅದಕ್ಕೂ ಹೆಚ್ಚು ಇರುವುದುಂಟು. ಜನ ಮರೆಯುವುದು ವರ್ಷದ ಅಂಕಿಯನ್ನು. ಶೆಡ್ಡಿನಲ್ಲೇ ನಿಂತು, ವಾರಕ್ಕೊಮ್ಮೆ ದೇವಸ್ಥಾನಕ್ಕೋ ಮದುವೆಗೋ ಹೊರಡುವ ಕಾರು ಹತ್ತು ವರ್ಷದಲ್ಲಿ 30,000 ಕಿ.ಮೀ. ಕೂಡ ದಾಟಿರಲಿಕ್ಕಿಲ್ಲ. ಆದರೂ ಬಿಸಿ ಮತ್ತು ಗಾಳಿಯಿಂದ ರಬ್ಬರ್ ಗಡುಸಾಗುತ್ತಲೇ ಇರುತ್ತದೆ. ನಿಂತಲ್ಲೇ ನಿಂತ ಕಾರಿನಲ್ಲಿ ಬೆಲ್ಟ್ ಅದೇ ಜಾಗಗಳಲ್ಲಿ ತಿಂಗಳುಗಟ್ಟಲೆ ಬಾಗಿಕೊಂಡಿರುತ್ತದೆ. ಮೊದಲ ಇನ್ನೋವಾದ ಡ್ಯಾಶ್‌ಬೋರ್ಡ್‌ನಲ್ಲಿ ಟಿ-ಬೆಲ್ಟ್ ಎಂಬ ದೀಪವೇ ಇದೆ. ಅದು ಎಣಿಸುವುದು ಕಿಲೋಮೀಟರನ್ನು, ವರ್ಷವನ್ನಲ್ಲ. ಬೆಲ್ಟಿನ ಸ್ಥಿತಿಯನ್ನಂತೂ ನೋಡುವುದೇ ಇಲ್ಲ.

ಓಡೋಮೀಟರ್‌ಗೂ ಒಂದು ಮಿತಿಯಿದೆ. ಬೆಲ್ಟ್ ಸವೆಯುವುದು ಎಂಜಿನ್ ತಿರುಗಿದಷ್ಟು, ಚಕ್ರ ಉರುಳಿದಷ್ಟಲ್ಲ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 2,000 ಸುತ್ತಿನಲ್ಲಿ ಸಾಗುವ ಎಂಜಿನ್ ಪ್ರತಿ ಕಿಲೋಮೀಟರಿಗೆ 1,500 ಸುತ್ತು ತಿರುಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ ಗಂಟೆಗೆ 20 ಕಿ.ಮೀ. ಸರಾಸರಿಯಲ್ಲಿ, ನಿಮಿಷಕ್ಕೆ 1,500 ಸುತ್ತಿನಲ್ಲಿ ತೆವಳಿದರೆ ಅದೇ ಒಂದು ಕಿಲೋಮೀಟರಿಗೆ 4,500 ಸುತ್ತು. ಅಂದರೆ ಊರೊಳಗಿನ ಒಂದು ಕಿಲೋಮೀಟರ್ ಹೆದ್ದಾರಿಯ ಮೂರಕ್ಕೆ ಸಮ. ಇದರ ಮೇಲೆ ಬಾನೆಟ್‌ನೊಳಗಿನ ಬಿಸಿ, ಎಸಿ ಹಾಕಿಕೊಂಡು ನಿಂತ ಹೊತ್ತು, ಮಣ್ಣು ರಸ್ತೆಯ ದೂಳು ಸೇರುತ್ತವೆ. ಇಂಥ ಬಳಕೆಗೆ ಹಲವು ಮ್ಯಾನುವಲ್‌ಗಳಲ್ಲಿ ಕಠಿಣ ಬಳಕೆ ಎಂಬ ಪ್ರತ್ಯೇಕ ಪಟ್ಟಿ, ಕಡಿಮೆ ಅವಧಿ ಇರುತ್ತದೆ. ನಗರದ ಕಾರಿಗೆ, ಟ್ಯಾಕ್ಸಿಗೆ, ಕಲ್ಲು ಗಣಿಯ ಸುತ್ತ ಓಡುವ ಗಾಡಿಗೆ ಆ ಪಟ್ಟಿಯೇ ಅನ್ವಯ.

ಕವರ್ ತೆಗೆದು ನೋಡಿದರೆ ಏನು ಗೊತ್ತಾಗುತ್ತದೆ? ಬೆನ್ನಿನ ಬಿರುಕು, ಅಂಚಿನ ನೂಲು ಬಿಚ್ಚಿರುವುದು, ಹಲ್ಲಿನ ಬುಡದ ಸೀಳು, ಗಾಜಿನಂತೆ ಮಿನುಗುವ ಮೈ, ಬಟ್ಟೆ ಸವೆದು ಕಾಣುವ ರಬ್ಬರ್ ಇವೆಲ್ಲ ಬೆಲ್ಟ್ ಹಳತಾಗಿರುವ ಗುರುತುಗಳು. ಒಂದು ಕಂಡರೂ ಕಾಯುವಂತಿಲ್ಲ. ಆದರೆ ಏನೂ ಕಾಣದಿದ್ದರೆ ಬೆಲ್ಟ್ ಸರಿಯಿದೆ ಎಂದಾಗುವುದಿಲ್ಲ. ಬೆಲ್ಟ್ ಸೋಲುವುದು ಹೆಚ್ಚಾಗಿ ಒಳಗಿನ ಹುರಿಯಲ್ಲಿ ಮತ್ತು ಹಲ್ಲಿನ ಬುಡದಲ್ಲಿ. ಕಣ್ಣಿಗೆ ಸಿಗುವುದು ಬೆನ್ನು. ಹಳೆಯ ನಿಯೋಪ್ರೀನ್ ಬೆಲ್ಟ್ ಬಿರುಕು ಬಿಟ್ಟಾದರೂ ಹೇಳುತ್ತಿತ್ತು, ಎಚ್‌ಎನ್‌ಬಿಆರ್ ಅವಧಿ ಮುಗಿದ ಮೇಲೂ ಹೊಸದರಂತೆ ಕಾಣಬಲ್ಲದು. ‘ಬೆಲ್ಟ್ ಚೆನ್ನಾಗಿದೆ ಸಾರ್, ಇನ್ನೂ ಇಪ್ಪತ್ತು ಸಾವಿರ ಓಡುತ್ತೆ’ ಎಂಬ ಮೆಕ್ಯಾನಿಕ್‌ನ ಭರವಸೆಗೆ ಆಧಾರ ಕಡಿಮೆ ಎನ್ನುವುದು ಇದಕ್ಕೇ.

ಅವಧಿ ಮುಗಿಯದಿದ್ದರೂ ಬೆಲ್ಟ್ ಬದಲಿಸಲೇಬೇಕಾದ ಸಂದರ್ಭಗಳಿವೆ. ಕ್ಯಾಮ್ ಅಥವಾ ಕ್ರ್ಯಾಂಕ್‌ನ ಆಯಿಲ್ ಸೀಲ್ ಸೋರಿ ಬೆಲ್ಟಿಗೆ ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ವಾಟರ್ ಪಂಪಿನಿಂದ ಕೂಲಂಟ್ ಸೋರಿದರೂ ಅದೇ ಕಥೆ. ಒರೆಸಿ ಮತ್ತೆ ಹಾಕುವುದು ಪರಿಹಾರವಲ್ಲ. ಸೋರಿಕೆ ನಿಲ್ಲಿಸಿ ಹೊಸ ಬೆಲ್ಟ್ ಹಾಕಬೇಕು. ಕವರ್‌ನ ಹಿಂದಿನಿಂದ ಗೊರಗೊರ ಸದ್ದು ಬಂದರೆ ಅದು ಸಾಮಾನ್ಯವಾಗಿ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಅಥವಾ ಅದರ ದಾರಿ ತಿರುಗಿಸುವ ಐಡ್ಲರ್ ಗಾಲಿಯ ಬೇರಿಂಗ್‌ನದು. ಬೇರಿಂಗ್ ಸಿಕ್ಕಿಕೊಂಡರೆ ಹೊಸ ಬೆಲ್ಟ್ ಕೂಡ ನಿಮಿಷಗಳಲ್ಲಿ ಹರಿಯುತ್ತದೆ.

ಬೆಲ್ಟ್ ಒಂದನ್ನೇ ಬದಲಿಸುವುದು ಲಾಭದ ಬಾಬತ್ತಲ್ಲ ಎಂಬುದಕ್ಕೂ ಇದೇ ಕಾರಣ. ಈ ಕೆಲಸದಲ್ಲಿ ಖರ್ಚಿನ ದೊಡ್ಡ ಪಾಲು ಬಿಚ್ಚಿ ಜೋಡಿಸುವ ಕೂಲಿಗೆ ಹೋಗುತ್ತದೆ. ಬೆಲ್ಟ್, ಟೆನ್ಷನರ್, ಐಡ್ಲರ್ ಸೇರಿದ ಕಿಟ್ ಸಿಗುತ್ತದೆ; ಡಸ್ಟರ್‌ನ ಡೀಸೆಲ್‌ನಂತೆ ವಾಟರ್ ಪಂಪನ್ನೂ ಟೈಮಿಂಗ್ ಬೆಲ್ಟೇ ತಿರುಗಿಸುವ ಎಂಜಿನ್‌ಗಳಲ್ಲಿ ಪಂಪನ್ನೂ ಜೊತೆಗೇ ಹಾಕಿಸುವುದು ರೂಢಿ. ಸೀಲ್‌ಗಳಲ್ಲಿ ಜಿನುಗು ಕಂಡರೆ ಅವನ್ನೂ ಆಗಲೇ ಬದಲಿಸಬೇಕು.

ಕೆಲಸದ ಗುಣಮಟ್ಟ ತಿಳಿಯಲು ಕೆಲವು ಹಂತಗಳನ್ನು ಗಮನಿಸಿದರೆ ಸಾಕು. ಹಳೆಯ ಬೆಲ್ಟ್ ತೆಗೆಯುವ ಮುನ್ನ ಕ್ರ್ಯಾಂಕ್ ಮತ್ತು ಕ್ಯಾಮ್‌ನ ಗುರುತುಗಳನ್ನು ಕೂಡಿಸಬೇಕು. ಶಾಫ್ಟ್‌ಗಳು ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ ಬೇಕಾದ ಎಂಜಿನ್‌ಗಳಲ್ಲಿ ಸುಣ್ಣದ ಗೆರೆ, ಪೇಂಟಿನ ಚುಕ್ಕೆ ಸಾಲದು. ಹೊಸ ಬೆಲ್ಟನ್ನು ಮಡಚಬಾರದು, ಹೊರಳಿಸಬಾರದು, ಸ್ಕ್ರೂಡ್ರೈವರ್‌ನಿಂದ ಮೀಟಿ ಏರಿಸಬಾರದು; ಒಳಗಿನ ಗಾಜಿನ ನಾರು ಮುರಿದರೆ ಹೊರಗೆ ಗುರುತೂ ಉಳಿಯುವುದಿಲ್ಲ. ಒಮ್ಮೆ ಬಿಗಿದರೆ ಹಿಗ್ಗುವ ಬೋಲ್ಟ್‌ಗಳ ಜಾಗಕ್ಕೆ ಹೊಸವೇ ಬರಬೇಕು. ಬಿಗಿ ಹೆಚ್ಚಾದರೆ ಬೆಲ್ಟ್ ಊಳಿಡುತ್ತದೆ ಮತ್ತು ಬೇರಿಂಗ್ ತಿನ್ನುತ್ತದೆ, ಕಡಿಮೆಯಾದರೆ ಹಲ್ಲು ಜಾರುತ್ತದೆ. ಕೊನೆಗೆ ಸ್ಟಾರ್ಟರ್ ಮುಟ್ಟದೆ, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಬೇಕು. ಎಲ್ಲಾದರೂ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಬೇಕು.

ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಓಡುವ ಬೆಲ್ಟ್‌ಗಳೂ ಬಂದಿವೆ; ಎಕೋಸ್ಪೋರ್ಟ್‌ನ 1 ಲೀಟರ್ ಎಕೋಬೂಸ್ಟ್ ಅದಕ್ಕೆ ಉದಾಹರಣೆ. ಇವು ಎಣ್ಣೆ ತಾಳುವ ಬೇರೆ ರಬ್ಬರಿನವು. ತಪ್ಪು ದರ್ಜೆಯ ಆಯಿಲ್ ಹಾಕಿದರೆ, ಬದಲಿಸುವುದನ್ನು ತಡ ಮಾಡಿದರೆ ಬೆಲ್ಟ್ ಉದುರಿ ಆ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟುತ್ತವೆ. ಇಲ್ಲಿ ಆಯಿಲ್ ಬದಲಿಸುವ ದಿನವೂ ಬೆಲ್ಟಿನ ಲೆಕ್ಕಕ್ಕೆ ಸೇರುತ್ತದೆ. ಚೈನ್‌ಗೂ ಆಯುಸ್ಸಿದೆ. ಅದು ಹಿಗ್ಗಿದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಗಲಗಲ ಸದ್ದು ಕೇಳಿಸುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ನಿಯಮ ಸರಳ. ಬೆಲ್ಟ್ ಬದಲಿಸಿದ್ದಕ್ಕೆ ಜಾಬ್ ಕಾರ್ಡ್ ಅಥವಾ ಬಿಲ್ ಇದ್ದು, ಅದರಲ್ಲಿ ದಿನಾಂಕ, ಕಿಲೋಮೀಟರ್, ಬಿಡಿಭಾಗಗಳ ಪಟ್ಟಿ ಇದ್ದರೆ ಲೆಕ್ಕ ಅಲ್ಲಿಂದ ಶುರು. ಬಾಯಿಮಾತಷ್ಟೇ ಇದ್ದರೆ ಬದಲಿಸಿಲ್ಲವೆಂದೇ ಹಿಡಿದು ಕಿಟ್ ಹಾಕಿಸಬೇಕು. ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ನಿಂತು, ಕೀಲಿ ತಿರುಗಿಸಿದಾಗ ಎಂಜಿನ್ ಎಂದಿಗಿಂತ ಹಗುರವಾಗಿ ಗಿರ್ರನೆ ತಿರುಗಿದರೆ ಬೆಲ್ಟ್ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದಾಗಲಿ ತಳ್ಳಿ ಸ್ಟಾರ್ಟ್ ಮಾಡುವುದಾಗಲಿ ಬಾಗದೆ ಉಳಿದ ವಾಲ್ವ್‌ಗಳನ್ನೂ ಬಾಗಿಸುತ್ತದೆ. ಗಾಡಿಯನ್ನು ಟೋ ಮಾಡಿಸಬೇಕು. ಹೊಸ ಬೆಲ್ಟ್ ಹಾಕಿಸಿದ ದಿನಾಂಕ ಮತ್ತು ಓಡೋಮೀಟರ್ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆಸಿ, ಅದೇ ಅಂಕಿಯ ಚೀಟಿಯೊಂದನ್ನು ಬೆಲ್ಟಿನ ಕವರ್ ಮೇಲೂ ಅಂಟಿಸಿದರೆ ಮುಂದಿನ ಸರದಿ ಯಾವಾಗ ಎಂಬುದಕ್ಕೆ ಯಾರ ಅಂದಾಜೂ ಬೇಕಾಗುವುದಿಲ್ಲ.