ಅಂಚಿನ ಬರಹದ ನೆಲೆ: ಜಾಲಪುಟದ ಟಿಪ್ಪಣಿ ಸಾಧನಗಳು ಮತ್ತು ಕನ್ನಡ ಪಠ್ಯ

ವಿಜಯನಗರದ ನೆಲ ಸ್ವತಂತ್ರ ಕಾವ್ಯಕ್ಕೆ ಆಶ್ರಯ ನೀಡಿದಂತೆಯೇ ವ್ಯಾಖ್ಯಾನಕ್ಕೂ ಆಶ್ರಯ ನೀಡಿತು. ಒಂದನೆಯ ಬುಕ್ಕ ಮತ್ತು ಇಮ್ಮಡಿ ಹರಿಹರರ ಕಾಲದಲ್ಲಿ ಸಾಯಣಾಚಾರ್ಯರು ವೇದಭಾಷ್ಯ ರಚಿಸಿದರು. ಇಮ್ಮಡಿ ದೇವರಾಯನ (1424-1446) ಕಾಲದಲ್ಲಿ ವಚನಗಳ ಸಂಕಲನ, ವಿಂಗಡಣೆ, ಟೀಕಾರಚನೆಗಳು ಹೊಸ ಹುರುಪು ಪಡೆದವು. ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂತಹ ಅಧಿಕಾರಸ್ಥರೇ ಈ ಕಾರ್ಯದಲ್ಲಿ ತೊಡಗಿದರು. ವಚನವೊಂದನ್ನು ಇಂತಹ ಸ್ಥಲಕ್ಕೆ ಸೇರಿದ್ದು ಎಂದು ನಿರ್ಣಯಿಸುವುದೂ ಒಂದು ಬಗೆಯ ಟಿಪ್ಪಣಿಯೇ. ಶೂನ್ಯಸಂಪಾದನೆಗಳು ಇನ್ನೂ ಮುಂದೆ ಹೋಗಿ, ಬಿಡಿ ವಚನಗಳನ್ನು ಸಂವಾದದ ಸಂದರ್ಭದಲ್ಲಿರಿಸಿ, ಆ ಜೋಡಣೆಯಿಂದಲೇ ಅರ್ಥ ಹೇಳಿದವು. ಇದೇ ನೆಲದಲ್ಲಿ, ಹೊಸಪೇಟೆಯ ಸಮೀಪದ ವಿದ್ಯಾರಣ್ಯದಲ್ಲಿ, 1991ರಲ್ಲಿ ಸ್ಥಾಪನೆಗೊಂಡ ಕನ್ನಡ ವಿಶ್ವವಿದ್ಯಾಲಯವು ಹಸ್ತಪ್ರತಿಗಳ ಸಂಗ್ರಹ ಮತ್ತು ಅಧ್ಯಯನಗಳನ್ನು ತನ್ನ ಮುಖ್ಯ ಕಾರ್ಯಗಳಲ್ಲಿ ಒಂದನ್ನಾಗಿ ಸ್ವೀಕರಿಸಿತು. ಆದ್ದರಿಂದ ಜಾಲಪುಟಗಳ ಮೇಲೆ ಟಿಪ್ಪಣಿ ಬರೆಯುವ ಮುಕ್ತ ತಂತ್ರಾಂಶಗಳನ್ನು ಈ ಪರಂಪರೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಈ ಸಾಧನಗಳ ಇತಿಹಾಸ ಜಾಲದ ಇತಿಹಾಸದಷ್ಟೇ ಹಳೆಯದು. 1993ರಲ್ಲಿ ಹೊರಬಂದ ಮೊಸಾಯಿಕ್ ವೀಕ್ಷಕದಲ್ಲಿಯೇ ಪುಟಕ್ಕೆ ಟಿಪ್ಪಣಿ ಸೇರಿಸುವ ಸೌಲಭ್ಯವಿತ್ತು. 1999ರಲ್ಲಿ ಬಂದ ಥರ್ಡ್ ವಾಯ್ಸ್ 2001ರಲ್ಲಿ ನಿಂತುಹೋಯಿತು. ಗೂಗಲ್ ಸಂಸ್ಥೆಯ ಸೈಡ್‌ವಿಕಿ 2009ರಲ್ಲಿ ಆರಂಭವಾಗಿ 2011ರಲ್ಲಿ ಮುಚ್ಚಿತು. ಸೇವೆಯೊಡನೆ ಅಲ್ಲಿನ ಟಿಪ್ಪಣಿಗಳೂ ಪುಟಗಳ ಬದಿಯಿಂದ ಮರೆಯಾದವು. ಓದುಗರ ಶ್ರಮ ಒಂದೇ ಸಂಸ್ಥೆಯ ಭಂಡಾರದಲ್ಲಿದ್ದರೆ ಅದರ ಆಯುಷ್ಯವೂ ಆ ಸಂಸ್ಥೆಯ ಇಚ್ಛೆಯಷ್ಟೇ ಎಂಬುದು ಇದರಿಂದ ಸ್ಪಷ್ಟವಾಯಿತು. ಓಪನ್ ನಾಲೆಜ್ ಫೌಂಡೇಶನ್ನಿನ ಅನೋಟೇಟರ್, 2011ರಲ್ಲಿ ಲಾಭರಹಿತ ಸಂಸ್ಥೆಯಾಗಿ ಆರಂಭವಾದ ಹೈಪಾಥಿಸಿಸ್ ಮೊದಲಾದವು ತಮ್ಮ ಮೂಲಸಂಕೇತವನ್ನು ಬಹಿರಂಗಪಡಿಸಿ ಈ ಕೊರತೆಗೆ ಉತ್ತರ ನೀಡಲೆತ್ನಿಸಿದವು. 2017ರ ಫೆಬ್ರುವರಿ 23ರಂದು ಜಾಲಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿ, ಟಿಪ್ಪಣಿಯ ಸ್ವರೂಪ, ಪದಕೋಶ ಮತ್ತು ವಿನಿಮಯ ಕ್ರಮಗಳನ್ನು ಶಿಫಾರಸುಗಳಾಗಿ ಪ್ರಕಟಿಸಿತು. ಟಿಪ್ಪಣಿಯನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ಸಾಗಿಸಲು ಇದರಿಂದ ಹಾದಿಯಾಯಿತು.

ಈ ಮಾನಕದ ಮೂಲತತ್ತ್ವ ಸರಳವಾದುದು. ಟಿಪ್ಪಣಿಯ ಒಡಲು ಬೇರೆ, ಅದು ಗುರಿಯಾಗಿಸಿಕೊಂಡ ಪಠ್ಯಭಾಗ ಬೇರೆ. ಎರಡನ್ನೂ ಬೇರೆ ಬೇರೆ ಇರಿಸಿ, ಗುರಿಯನ್ನು ಆಯ್ದ ಮಾತು ಹಾಗೂ ಅದರ ಹಿಂದುಮುಂದಿನ ಮಾತುಗಳ ನೆರವಿನಿಂದ ಗುರುತಿಸಲಾಗುತ್ತದೆ. ಗ್ರಂಥಸಂಪಾದನೆಯ ದೃಷ್ಟಿಯಿಂದ ಇದು ದೊಡ್ಡ ಲಾಭ. ಓಲೆಗರಿಯ ಅಂಚಿನಲ್ಲಿದ್ದ ವಿವರಣೆಯನ್ನು ಮುಂದಿನ ಲಿಪಿಕಾರ ಮೂಲವೆಂದೇ ಭಾವಿಸಿ ಒಳಗೆ ಸೇರಿಸಿಬಿಡುವುದು ಪ್ರಕ್ಷೇಪಗಳಿಗೆ ಇರುವ ಕಾರಣಗಳಲ್ಲೊಂದು. ಹೊಸ ಸಾಧನಗಳಲ್ಲಿ ಆ ಭಯವಿಲ್ಲ. ಎಷ್ಟು ಟೀಕೆ ಬಂದರೂ ಮೂಲ ಅಲುಗುವುದಿಲ್ಲ.

ಆದರೆ ಲಾಭದ ಬೆನ್ನಿಗೇ ನಷ್ಟವೂ ಇದೆ. ಓಲೆಯ ಟಿಪ್ಪಣಿ ಮೂಲವನ್ನು ಕೆಡಿಸಬಹುದಾಗಿತ್ತು; ಆದರೆ ಓಲೆ ಇರುವವರೆಗೆ ಅದೂ ಇರುತ್ತಿತ್ತು. ಜಾಲದ ಟಿಪ್ಪಣಿ ಮೂಲವನ್ನು ಕೆಡಿಸದು. ಆದರೆ ಪುಟ ತಿದ್ದುಪಡಿಯಾದೊಡನೆ ನೆಲೆ ಕಳೆದುಕೊಳ್ಳಬಹುದು. ಹೈಪಾಥಿಸಿಸ್ ಇಂತಹವನ್ನು ಅನಾಥ ಟಿಪ್ಪಣಿಗಳೆಂದೇ ಕರೆದು ಪ್ರತ್ಯೇಕವಾಗಿ ತೋರಿಸುತ್ತದೆ. ಅಲ್ಪಸ್ವಲ್ಪ ಬದಲಾವಣೆಯನ್ನು ತಾಳಿಕೊಳ್ಳುವ ಹೋಲಿಕೆಯ ಕ್ರಮ ಅದರಲ್ಲಿದೆಯಾದರೂ, ಒಂದೇ ಪದದ ಮೇಲೆ ಬರೆದ ಟಿಪ್ಪಣಿಗೆ ಅಲ್ಪ ಬದಲಾವಣೆಯೂ ದೊಡ್ಡದೇ.

ಕನ್ನಡದಲ್ಲಿ ಈ ತೊಡಕು ಹೆಚ್ಚು ಸೂಕ್ಷ್ಮವಾದುದು. ಕಣ್ಣಿಗೆ ಒಂದೇ ಆಗಿ ಕಾಣುವ 'ಕೊ' ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಕಕಾರ ಮತ್ತು ಒಕಾರದ ಒಂದೇ ಚಿಹ್ನೆಯಿಂದ ಬರೆಯಬಹುದು. ಕಕಾರ, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂಬ ಮೂರು ಘಟಕಗಳಿಂದಲೂ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ. ಆದರೆ ಪಠ್ಯವನ್ನು ಏಕರೂಪಕ್ಕೆ ತಂದುಕೊಳ್ಳದೆ ಹೋಲಿಸುವ ಸಾಧನಕ್ಕೆ ಇವು ಎರಡು ಬೇರೆ ಮಾತುಗಳು. ಒತ್ತಕ್ಷರವಾಗದಂತೆ ತಡೆಯಲು ಬಳಸುವ ಅಗೋಚರ ಸಂಕೇತವೂ ಇದೇ ತೊಂದರೆ ಕೊಡುತ್ತದೆ. ಇಂತಹ ದೋಷವನ್ನು ಕನ್ನಡ ಬಲ್ಲವರೇ ಕಂಡುಹಿಡಿದು ಸರಿಪಡಿಸಬೇಕಾದರೆ ಮೂಲಸಂಕೇತ ಮುಕ್ತವಾಗಿರಲೇಬೇಕು. ಮುಕ್ತತೆ ಇಲ್ಲಿ ಬರಿಯ ಆದರ್ಶವಲ್ಲ, ಭಾಷೆಯ ಅಗತ್ಯ.

ಹಳಗನ್ನಡದ ೞಕಾರದ ಉದಾಹರಣೆ ಈ ಸಂದರ್ಭದಲ್ಲಿ ಬಹಳ ಅರ್ಥಪೂರ್ಣವಾಗಿದೆ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ 'ಫಾ' ಎಂಬ ತಪ್ಪು ಹೆಸರು ಸೇರಿಹೋಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅಲ್ಲಿನ ನಿಯಮ. ಆದ್ದರಿಂದ ತಪ್ಪನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಅದರ ಪಕ್ಕದಲ್ಲಿ ಅಧಿಕೃತ ಪರ್ಯಾಯನಾಮವಾಗಿ ದಾಖಲಿಸಲಾಯಿತು. ಮೂಲವನ್ನು ಮುಟ್ಟದೆ ತಿದ್ದುವುದು ಟಿಪ್ಪಣಿಯ ಧರ್ಮ. ಈ ತಿದ್ದುಪಡಿ ಉಳಿದುಬಂದದ್ದು ಮೂಲದ ಪಟ್ಟಿ ಸ್ಥಿರವಾಗಿರುವುದರಿಂದ ಎಂಬುದನ್ನು ಮರೆಯುವಂತಿಲ್ಲ.

ಪ್ರಶ್ನೆ ಇರುವುದು ಇಲ್ಲಿಯೇ. ಕನ್ನಡ ಪಠ್ಯಕ್ಕೆ ಜಾಲದಲ್ಲಿ ಅಂತಹ ಸ್ಥಿರತೆ ಇದೆಯೆ? ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟದ 15 ಸಂಪುಟಗಳು ವಚನಗಳಿಗೆ ಕ್ರಮಸಂಖ್ಯೆಯ ನೆಲೆ ಒದಗಿಸಿದವು. 'ವಚನ ಸಂಚಯ' ಜಾಲತಾಣವು ವಚನಗಳನ್ನು ಪದಪದವಾಗಿ ಹುಡುಕಲು ಅನುವು ಮಾಡಿಕೊಟ್ಟಿತು. ಕನ್ನಡ ವಿಕಿಸೋರ್ಸ್ ಪ್ರತಿ ತಿದ್ದುಪಡಿಯ ಹಿಂದಿನ ರೂಪವನ್ನೂ ಪ್ರತ್ಯೇಕ ವಿಳಾಸದೊಡನೆ ಕಾಯ್ದಿಡುತ್ತದೆ. ಟಿಪ್ಪಣಿಕಾರರು ಬದಲಾಗುವ ಪುಟಕ್ಕೆ ಅಂಟಿಕೊಳ್ಳುವ ಬದಲು ಈ ಬಗೆಯ ಸ್ಥಿರರೂಪವನ್ನು ಗುರಿಯಾಗಿಸಿಕೊಳ್ಳುವುದು ಕ್ಷೇಮಕರ. ಪುಟದ ಯಾವ ಕಾಲದ ರೂಪವನ್ನು ಓದಲಾಯಿತೆಂದು ದಾಖಲಿಸುವ ಅವಕಾಶ ಡಬ್ಲ್ಯು3ಸಿ ಮಾನಕದಲ್ಲಿಯೂ ಇದೆ. ಪಾಠಾಂತರಗಳ ನಡುವೆಯೇ ಬದುಕಿಬಂದ ವಚನಸಾಹಿತ್ಯಕ್ಕೆ ಈ ಅವಕಾಶ ಅತ್ಯಗತ್ಯ. ಯಾವ ಪಾಠವನ್ನು ಮುಂದಿಟ್ಟುಕೊಂಡು ಅರ್ಥ ಹೇಳಲಾಯಿತೆಂದು ತಿಳಿಯದಿದ್ದರೆ, ಆ ಅರ್ಥವನ್ನು ಒಪ್ಪುವುದೂ ಅಲ್ಲಗಳೆಯುವುದೂ ಸಾಧ್ಯವಾಗದು.

ಹೀಗಾಗಿ ತಂತ್ರಾಂಶ ಮುಕ್ತವಾಗಿದೆ ಎಂಬಷ್ಟರಿಂದಲೇ ತೃಪ್ತಿಪಡುವಂತಿಲ್ಲ. ಟಿಪ್ಪಣಿಯಲ್ಲಿ ಆಯ್ದ ಮಾತು, ಅದರ ಆವೃತ್ತಿ, ವಚನದ ಸಂಖ್ಯೆ, ಬರೆದ ದಿನ ಇರಬೇಕು. ಪಠ್ಯ ಏಕರೂಪದ ಸಂಕೇತದಲ್ಲಿರಬೇಕು. ಟಿಪ್ಪಣಿಗಳ ಪ್ರತಿಯೊಂದು ಗ್ರಂಥಾಲಯದ ಸ್ವಂತ ಭಂಡಾರದಲ್ಲಿಯೂ ಉಳಿಯಬೇಕು. ಇವು ಕೈಗೆಟುಕದ ಕೆಲಸಗಳಲ್ಲ. ಹಸ್ತಪ್ರತಿಯ ಮಾತೃಕೆ, ಗರಿಯ ಸಂಖ್ಯೆ, ಲಿಪಿಕಾಲಗಳನ್ನು ತಪ್ಪದೆ ನಮೂದಿಸುವ ಶಿಸ್ತನ್ನು ಕನ್ನಡ ಸಂಪಾದಕರು ಬಹುಹಿಂದೆಯೇ ರೂಢಿಸಿಕೊಂಡಿದ್ದಾರೆ. ಅದೇ ಶಿಸ್ತು ಜಾಲದ ಅಂಚಿಗೂ ಬಂದಾಗ ಮಾತ್ರ ಇಂದಿನ ಓದುಗರ ಸಂದೇಹ, ಸಮ್ಮತಿ, ಭಿನ್ನಮತಗಳು ನಾಳಿನ ಸಂಶೋಧಕರಿಗೆ ಆಕರಗಳಾಗುತ್ತವೆ. ಇಲ್ಲವಾದರೆ ಟೀಕೆ ಉಳಿದೀತು, ಅದು ಯಾವ ಮಾತಿನ ಟೀಕೆಯೆಂಬುದು ಉಳಿಯದು.